ಬಾನುಲಿಯಲ್ಲಿ ಒಬ್ಬ ಪೇಟಿಗಾರ



ಶ್ರಾವಣಮಾಸದ ಪುರಾಣಕ್ಕೆ ನಮ್ಮ ಮಠಗಳಿಗೆ ಬಂದು ಕುಳಿತವರಿಗೆಲ್ಲ ಒಂದು ದೃಶ್ಯ ಚಿರಪರಿಚಿತವಾದದ್ದು. ಶಾಸ್ತ್ರಿಗಳು ಗದ್ದುಗೆಗೆ ನಮಿಸಿ ಗ್ರಂಥವನ್ನು ಬಿಚ್ಚುವ ಮೊದಲೇ, ಬದಿಯಲ್ಲಿ ಕುಳಿತ ಗವಾಯಿಗಳು ಎಡಗೈಯಿಂದ ಪೇಟಿಯ ತಿದಿಯನ್ನು ಒತ್ತಿ, ಬಲಗೈಯ ಬೆರಳನ್ನು ಷಡ್ಜದ ಮೇಲಿಡುತ್ತಾರೆ. ಆ ಒಂದು ಸ್ವರದಿಂದಲೇ ಸಭೆಯ ಗದ್ದಲ ಅಡಗುತ್ತದೆ. ಪ್ರಸಾದನಿಲಯದಲ್ಲಿ ಕಲಿತು ಹೋದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಸರಿಗಮವನ್ನು ಮೊದಲು ಕಲಿತದ್ದು ಈ ಪೇಟಿಯ ಕಪ್ಪುಬಿಳಿ ಮನೆಗಳ ಮೇಲೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಯಾರಿಸಿದ ನೂರಾರು ಅಂಧ ಗಾಯಕರು ಊರೂರಿಗೆ ಹೊತ್ತು ಸಾಗಿದ ವಾದ್ಯವೂ ಇದೇ.

ಇಂಥ ಪೇಟಿಯನ್ನು ನಮ್ಮ ದೇಶದ ಬಾನುಲಿಯು 31 ವರ್ಷಗಳ ಕಾಲ ತನ್ನ ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲವೆಂದರೆ ಇಂದಿನ ತರುಣರು ನಂಬಲಿಕ್ಕಿಲ್ಲ. ಅದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಬಾಲ್ಯದಿಂದ ಪೇಟಿಯನ್ನೇ ಪ್ರೀತಿಸಿದ ಒಬ್ಬ ಮಹನೀಯರು ಅದೇ ನಿಷೇಧದ ಕಾಲದಲ್ಲಿ ಅದೇ ಬಾನುಲಿಯ ಉದ್ಯೋಗಿಗಳಾಗಿದ್ದರು. ಅವರೇ ಮರಾಠೀ ಸಾಹಿತ್ಯದಲ್ಲಿ ‘ಪು. ಲ.’ ಎಂಬ ಎರಡಕ್ಷರಗಳಿಂದ ಮನೆಮಾತಾಗಿರುವ ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರು. ಅವರು ಮಹಾರಾಷ್ಟ್ರದವರಾದರೂ ಅವರ ಬದುಕಿನ ದಾರಿ ನಮ್ಮ ನಾಡನ್ನು ಹಲವೆಡೆ ತಾಗಿಕೊಂಡು ಹೋಗಿದೆ. ಆದುದರಿಂದ ಈ ಪುಟಗಳಲ್ಲಿ ಅವರನ್ನು ಕುರಿತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಮೊದಲು ಪೇಟಿಯ ಮೇಲಿದ್ದ ಆರೋಪವೇನೆಂಬುದನ್ನು ತಿಳಿಯೋಣ. ಹಾರ್ಮೋನಿಯಂ ಹುಟ್ಟಿದ್ದು ಈ ಮಣ್ಣಿನಲ್ಲಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತನು ಅದರ ಹಕ್ಕುಪತ್ರವನ್ನು ಪಡೆದನು. ಅದು ಕಾಲಿನಿಂದ ತುಳಿದು ನುಡಿಸುವ ದೊಡ್ಡ ವಾದ್ಯ. ಕುರ್ಚಿಯ ಮೇಲೆ ಕೂಡುವವರಿಗೆ ಹೇಳಿ ಮಾಡಿಸಿದ್ದು. ಅದನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವವರಿಗೆ ಒಗ್ಗಿಸಿ, ತಿದಿಯನ್ನು ಹಿಂಬದಿಗೆ ಸೇರಿಸಿ, ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರು. ಹೀಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಭಾರತದ ಪೇಟಿಯಾಯಿತು. ಒಳಗಿನ ಹಿತ್ತಾಳೆಯ ನಾಲಗೆಗಳು ಮಾತ್ರ ಪಾಶ್ಚಾತ್ಯರ ಲೆಕ್ಕಾಚಾರದಂತೆ ಒಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಹೊಂದಿಸಿದವು. ನಮ್ಮ ಶಾಸ್ತ್ರಕಾರರು ಎಣಿಸಿದ್ದು ಇಪ್ಪತ್ತೆರಡು ಶ್ರುತಿಗಳನ್ನು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಈ ವಾದ್ಯದಲ್ಲಿ ಬಾರದು, ದರಬಾರಿಯ ಕೋಮಲ ಗಾಂಧಾರದ ಆಂದೋಲನವಂತೂ ಬರುವುದೇ ಇಲ್ಲ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಸಂಗೀತ ಬಲ್ಲ ಯಾರೂ ಹೇಳಲಾರರು.

ಆದರೆ ಆಕ್ಷೇಪವು ಆಜ್ಞೆಯಾದ ರೀತಿ ನೋಡಿರಿ. ದೆಹಲಿಯ ಆಲ್ ಇಂಡಿಯಾ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರರು 1938ರಲ್ಲಿ ಬಾನುಲಿಯ ಪತ್ರಿಕೆಯಲ್ಲಿಯೇ ಪೇಟಿಯ ವಿರುದ್ಧ ಕಟುವಾದ ಲೇಖನವನ್ನು ಬರೆದರು. ಶಾಂತಿನಿಕೇತನದಲ್ಲಿ ಅದಕ್ಕೆ ಎಡೆಗೊಡದಿದ್ದ ಗುರುದೇವ ರವೀಂದ್ರನಾಥ ಠಾಕೂರರು 1940ರ ಜನವರಿಯಲ್ಲಿ ಕಲಕತ್ತಾ ಬಾನುಲಿ ಕೇಂದ್ರದ ನಿರ್ದೇಶಕರಿಗೆ ಪತ್ರ ಬರೆದು, ಅದನ್ನು ಅಲ್ಲಿಂದಲೂ ಹೊರಗಿಡಬೇಕೆಂದು ಬಯಸಿದರು. ಲಯೋನೆಲ್ ಫೀಲ್ಡನ್ ಎಂಬ ಆಂಗ್ಲರು ಆಗ ಬಾನುಲಿಯ ಮುಖ್ಯಾಧಿಕಾರಿ. 1940ನೆಯ ಇಸವಿ ಮಾರ್ಚ್ 1ರಿಂದ ದೇಶದ ಎಲ್ಲ ಕೇಂದ್ರಗಳಲ್ಲಿ ಪೇಟಿ ನಿಷಿದ್ಧವಾಯಿತು. ಆಂಗ್ಲರು ಹೋದರು, ಸ್ವರಾಜ್ಯ ಬಂದಿತು, ನಿಷೇಧ ಮಾತ್ರ ಕದಲಲಿಲ್ಲ. 1950ರ ಜನವರಿ 8ರಂದು ಧಾರವಾಡ ಕೇಂದ್ರವು ಆರಂಭವಾದಾಗಲೂ ಅದು ಜಾರಿಯಲ್ಲಿತ್ತು. ಉತ್ತರ ಕರ್ನಾಟಕದ ಹಳ್ಳಿಯ ಗವಾಯಿಯೊಬ್ಬರು ಹಾಡಲು ಅಲ್ಲಿಗೆ ಹೋದರೆ, ಹುಟ್ಟಿದಾಗಿನಿಂದ ತಮ್ಮ ಧ್ವನಿಗೆ ನೆರಳಾಗಿದ್ದ ಪೇಟಿಯನ್ನು ಹೊರಗಿಟ್ಟು ಒಳಗೆ ಹೋಗಬೇಕಾಗಿತ್ತು.

ಇನ್ನು ಪು. ಲ. ಅವರ ಕಡೆಗೆ ಬರೋಣ. ಅವರು ಜನಿಸಿದ್ದು 1919ರ ನವೆಂಬರ್ 8ರಂದು, ಮುಂಬಯಿಯಲ್ಲಿ. ಬೆಳೆದದ್ದು ಆ ನಗರದ ಹೊರವಲಯಗಳಾದ ಜೋಗೇಶ್ವರಿ, ವಿಲೇಪಾರ್ಲೆಗಳಲ್ಲಿ. ತಾಯಿಯ ತಂದೆ ವಾಮನ ಮಂಗೇಶ ದುಭಾಷಿಯವರು ‘ಋಗ್ವೇದಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ವಿದ್ವಾಂಸರು. ನಮ್ಮ ಹಬ್ಬಹುಣ್ಣಿಮೆಗಳ ಇತಿಹಾಸವನ್ನು ಕುರಿತ ಅವರ ಗ್ರಂಥ ಮರಾಠಿಯಲ್ಲಿ ಪ್ರಸಿದ್ಧವಾದುದು. ರವೀಂದ್ರರ ಗೀತಾಂಜಲಿಯನ್ನು ಅವರು ಅಭಂಗಗಳ ರೂಪದಲ್ಲಿ ಮರಾಠಿಗೆ ತಂದಿದ್ದರು. ಹೀಗಾಗಿ ರವೀಂದ್ರರೆಂದರೆ ಮೊಮ್ಮಗನಿಗೆ ಮನೆಯ ಹಿರಿಯರಂತೆ. ಇನ್ನೊಂದು ಕಡೆ ಆ ಕಾಲದ ಮುಂಬಯಿಯೆಂದರೆ ಬಾಲಗಂಧರ್ವರ ನಾಟಕಗಳ ಮುಂಬಯಿ, ಗೋವಿಂದರಾವ ಟೇಂಬೆಯವರ ಪೇಟಿಯ ಮುಂಬಯಿ. ಹುಡುಗನಿಗೆ ಪೇಟಿಯ ಹುಚ್ಚು ಹಿಡಿಯಿತು. ದತ್ತೋಪಂತ ರಾಜೋಪಾಧ್ಯೆ ಎಂಬ ಗುರುಗಳಲ್ಲಿ ಕ್ರಮವಾಗಿ ಪಾಠವೂ ಆಯಿತು. ರವೀಂದ್ರರ ಭಕ್ತಿ, ರವೀಂದ್ರರು ಒಲ್ಲದ ವಾದ್ಯದ ಭಕ್ತಿ ಎರಡೂ ಒಂದೇ ಮನೆಯಲ್ಲಿ, ಒಂದೇ ಎದೆಯಲ್ಲಿ ಬೆಳೆದುವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ತರುವಾಯದ ಹತ್ತು ಹದಿನೈದು ವರ್ಷಗಳಲ್ಲಿ ಅವರು ಮಾಡದ ಕೆಲಸವಿಲ್ಲ. ಕಾನೂನು ಓದಿದರು, ಕಾರಕೂನಿಕೆ ಮಾಡಿದರು, ಶಾಲೆಯಲ್ಲಿ ಕಲಿಸಿದರು, ಪುಣೆಯ ಫರ್ಗ್ಯುಸನ್ ಮತ್ತು ಸಾಂಗಲಿಯ ವಿಲಿಂಗ್ಡನ್ ಕಾಲೇಜುಗಳಲ್ಲಿ ಪದವಿಗಾಗಿ ಓದಿದರು, ನಾಟಕ ಕಂಪನಿಗಳ ಸಂಗ ಮಾಡಿದರು. 1946ರ ಜೂನ್ 12ರಂದು ಸುನೀತಾ ಠಾಕೂರರೊಡನೆ ಅವರ ವಿವಾಹವಾಯಿತು. ಆಮೇಲೆ ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಮರಾಠೀ ಅಧ್ಯಾಪಕರಾಗಿ ಬಂದರು.

ಬೆಳಗಾವಿ ಆಗಲೂ ಈಗಲೂ ಪೇಟಿಯ ಊರೇ. ಪಂಡಿತ ರಾಮಭಾವು ಬಿಜಾಪುರೆಯವರಂಥ ಪೇಟಿವಾದಕರು ಅಲ್ಲಿ ಬಹುಕಾಲ ವಿದ್ಯಾದಾನ ಮಾಡಿದರು. ಆ ಊರಿನಿಂದ ಪು. ಲ. ಅವರಿಗೆ ದೊರೆತ ಒಂದು ಫಲವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಅವರ ‘ಗಣಗೋತ’ ಎಂಬ ವ್ಯಕ್ತಿಚಿತ್ರಗಳ ಸಂಗ್ರಹದಲ್ಲಿ ‘ರಾವಸಾಹೇಬ’ ಎಂಬ ಲೇಖನವಿದೆ. ಬೆಳಗಾವಿಯ ಗೃಹಸ್ಥರೊಬ್ಬರ ಚಿತ್ರವದು. ಮಾತು ಒರಟು, ಬೈಗುಳ ನಾಲಗೆಯ ತುದಿಯಲ್ಲಿ, ಮನಸ್ಸು ಬೆಣ್ಣೆ, ಸಂಗೀತ ನಾಟಕಗಳೆಂದರೆ ಪ್ರಾಣ. ಅವರು ಆಡುವುದು ಕನ್ನಡ ಬೆರೆತ ಮರಾಠಿ. ಕನ್ನಡದಲ್ಲಿ ಕಲ್ಲು, ಮರ, ಕುರ್ಚಿ, ನದಿಗಳೆಲ್ಲ ನಪುಂಸಕಲಿಂಗವೇ. ಮರಾಠಿಯಲ್ಲಾದರೋ ಕುರ್ಚಿ ಸ್ತ್ರೀಲಿಂಗ, ಕಲ್ಲು ಪುಲ್ಲಿಂಗ. ನಮ್ಮವರು ಮರಾಠಿ ಆಡಲು ಹೋದಾಗ ಲಿಂಗಗಳು ಅದಲುಬದಲಾಗುವುದು ಸಹಜ. ಪು. ಲ. ಆ ತಪ್ಪುಗಳನ್ನೆಲ್ಲ ಹಾಗೆಯೇ ಹಿಡಿದಿಟ್ಟು ಓದುಗರನ್ನು ನಗಿಸುತ್ತಾರೆ. ಆದರೆ ಅದು ಹಂಗಿಸುವ ನಗೆಯಲ್ಲ. ಲೇಖನದ ಕೊನೆಗೆ ಬರುವಾಗ ಆ ತಪ್ಪು ಮರಾಠಿಯೇ ಆ ಮನುಷ್ಯನ ನಿಷ್ಕಪಟತೆಯ ಗುರುತಾಗಿ ನಮ್ಮ ಕಣ್ಣು ತೇವವಾಗುತ್ತದೆ. ಎರಡು ಭಾಷೆಗಳ ಗಡಿಯಲ್ಲಿ ಬಾಳುವ ನಾವು ಒಬ್ಬರ ಮಾತನ್ನು ಇನ್ನೊಬ್ಬರು ಹೀಗೆ ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅದನ್ನು ಓದಿದಾಗಲೆಲ್ಲ ನಮಗೆ ಅನಿಸಿದೆ.

ಚಲಚ್ಚಿತ್ರಗಳ ಮಾತನ್ನು ಬೇಗ ಮುಗಿಸೋಣ. 1953ರ ‘ಗುಳಾಚಾ ಗಣಪತಿ’ಯಲ್ಲಿ ಕಥೆ, ಸಂಭಾಷಣೆ, ನಿರ್ದೇಶನ, ಸಂಗೀತ, ಮುಖ್ಯಪಾತ್ರ ಎಲ್ಲವೂ ಅವರದೇ. ಆ ಚಿತ್ರಕ್ಕೆ ಭಕ್ತಿಗೀತೆಯೊಂದನ್ನು ಹಾಡಿದ ಮೂವತ್ತೊಂದರ ಪ್ರಾಯದ ಗಾಯಕರು ನಮ್ಮ ಗದುಗಿನ ಭೀಮಸೇನ ಜೋಶಿಯವರು. ಆ ಹಾಡು ಇಂದಿಗೂ ಮಹಾರಾಷ್ಟ್ರದ ಮನೆಮನೆಗಳಲ್ಲಿ ಉಳಿದಿದೆ. ಅದೇ ವರ್ಷದ ‘ದೇವಬಾಪ್ಪಾ’ ಚಿತ್ರಕ್ಕಾಗಿ ಅವರು ರಾಗ ಹಾಕಿದ ನವಿಲಿನ ಹಾಡನ್ನು ಮರಾಠೀ ಮಕ್ಕಳು ಇಂದಿಗೂ ಕುಣಿಯುತ್ತ ಹಾಡುತ್ತಾರೆ. ಆದರೆ ಆ ಉದ್ಯಮವು ಅವರನ್ನು ಹಿಡಿದಿಡಲಿಲ್ಲ.

1955ರಲ್ಲಿ ಅವರು ಪುಣೆಯ ಆಕಾಶವಾಣಿಯನ್ನು ಸೇರಿದರು. ಆಕಾಶವಾಣಿಯೆಂಬ ಈ ಹೆಸರು ಕನ್ನಡನಾಡಿನ ಕೊಡುಗೆ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ಪುಟ್ಟ ಬಾನುಲಿ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ್ದಾಯಿತು. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾಗಿದ್ದ ಡಾ. ಬಿ. ವಿ. ಕೇಸಕರರ ಕಾಲದಲ್ಲಿ ಕವಿಗಳನ್ನೂ ಕಲಾವಿದರನ್ನೂ ಬಾನುಲಿಗೆ ಕರೆತರುವ ಒಳ್ಳೆಯ ಪರಿಪಾಠ ಬೆಳೆಯಿತು. ಧಾರವಾಡ ಕೇಂದ್ರಕ್ಕೆ ವರಕವಿ ಬೇಂದ್ರೆಯವರು 1956ರಲ್ಲಿ ಸಾಹಿತ್ಯ ಸಲಹೆಗಾರರಾಗಿ ಬಂದದ್ದು ಹೀಗೆಯೇ. ಅದೇ ಸಚಿವರು ಬಾನುಲಿಯಲ್ಲಿ ಚಿತ್ರಗೀತೆಗಳಿಗೆ ತಡೆಯೊಡ್ಡಿ ಕೇಳುಗರನ್ನೆಲ್ಲ ರೇಡಿಯೋ ಸಿಲೋನಿನತ್ತ ಅಟ್ಟಿದರೆಂಬುದೂ ಸತ್ಯವೇ. ಪೇಟಿಯ ಮೇಲಿನ ನಿಷೇಧವನ್ನೂ ಅವರು ಸಡಿಲಿಸಲಿಲ್ಲ. ಒಳ್ಳೆಯದನ್ನು ಕಾಪಾಡಬೇಕೆಂಬ ಆಸೆ ಅವರದು. ಆದರೆ ಜನರ ಕಿವಿಯನ್ನು ಆಜ್ಞೆಯಿಂದ ತಿದ್ದಲಾಗುವುದೆಂಬ ನಂಬಿಕೆಯೂ ಅದರೊಡನೆ ಬೆರೆತಿತ್ತು.

ಪು. ಲ. ಸೇರಿದ ವರ್ಷ ಪುಣೆಯ ಕೇಂದ್ರಕ್ಕೆ ಸುಗ್ಗಿಯ ಕಾಲ. ಗ. ದಿ. ಮಾಡಗೂಳಕರರು ಬರೆದು ಸುಧೀರ ಫಡಕೆಯವರು ರಾಗ ಸಂಯೋಜಿಸಿದ ‘ಗೀತರಾಮಾಯಣ’ವು 1955ರ ಏಪ್ರಿಲಿನಿಂದ ಒಂದು ವರ್ಷಕ್ಕೂ ಮಿಕ್ಕಿ ವಾರಕ್ಕೊಂದರಂತೆ 56 ಹಾಡುಗಳಾಗಿ ಪ್ರಸಾರವಾದದ್ದು ಅಲ್ಲಿಂದಲೇ. ಇಂಥ ವಾತಾವರಣದಲ್ಲಿ ಅವರು ನಾಟಕ, ಭಾಷಣ, ಸಂಗೀತ ಹೀಗೆ ಎಲ್ಲದರಲ್ಲಿಯೂ ಕೈಯಾಡಿಸಿದರು. ಆಕಾಶವಾಣಿಗಾಗಿ ಕವಿ ಮಂಗೇಶ ಪಾಡಗಾಂವಕರರು ರಚಿಸಿದ ‘ಬಿಲ್ಹಣ’ ಎಂಬ ಸಂಗೀತಿಕೆಗೆ ರಾಗ ಹಾಕಿದವರು ಪು. ಲ., ಹಾಡಿದವರು ಜಿತೇಂದ್ರ ಅಭಿಷೇಕಿಯವರು. ಬಿಲ್ಹಣನೆಂದರೆ ಯಾರು? ಕಾಶ್ಮೀರದಿಂದ ಹೊರಟು ದೇಶವನ್ನೆಲ್ಲ ಸುತ್ತಿ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆನಿಂತು ‘ವಿಕ್ರಮಾಂಕದೇವಚರಿತ’ವನ್ನು ಬರೆದ ಮಹಾಕವಿ. ಮುಂದೆ ಬಸವಣ್ಣನವರ ಅನುಭವಮಂಟಪಕ್ಕೆ ನೆಲೆಯಾದ ಅದೇ ಕಲ್ಯಾಣ. ರಾಜಕುವರಿಯೊಡನೆ ಆ ಕವಿಯ ಪ್ರೇಮದ ಕಥೆಯನ್ನು ಇತಿಹಾಸಕಾರರು ಒಪ್ಪಲಿ ಬಿಡಲಿ, ಅದರ ನೆಪದಲ್ಲಿ ಹುಟ್ಟಿದ ಆ ಹಾಡುಗಳು ಮರಾಠೀ ಭಾವಗೀತೆಗಳ ಸಾಲಿನಲ್ಲಿ ಶಾಶ್ವತವಾಗಿ ನಿಂತಿವೆ.

ಬಾನುಲಿಯಲ್ಲಿ ಮಾತಾಡುವವನಿಗೆ ಕೇಳುಗನ ಮುಖ ಕಾಣದು. ಪ್ರವಚನ ಪೀಠದಲ್ಲಿ ಕುಳಿತ ನಮಗೆ ಎದುರಿನವರು ತೂಕಡಿಸಿದರೆ ಕೂಡಲೇ ತಿಳಿಯುತ್ತದೆ, ದನಿಯನ್ನು ಏರಿಸುತ್ತೇವೆ, ಒಂದು ಕಥೆ ಹೇಳುತ್ತೇವೆ. ಗಾಜಿನ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತವನಿಗೆ ಆ ಸೌಕರ್ಯವಿಲ್ಲ. ತಾನು ಯಾರೋ ಒಬ್ಬರೊಡನೆ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಮಾತಾಡುತ್ತಿದ್ದೇನೆಂದು ಭಾವಿಸಿಕೊಂಡೇ ಆಡಬೇಕು. ಪು. ಲ. ಅವರ ಗದ್ಯವನ್ನು ಓದಿದವರಿಗೆ ಅದು ಬರೆದದ್ದೆಂಬುದಕ್ಕಿಂತ ಪಕ್ಕದಲ್ಲಿ ಕುಳಿತು ಆಡಿದ್ದೆಂದೇ ತೋರುತ್ತದೆ. ಈ ಗುಣಕ್ಕೆ ಬಾನುಲಿಯ ವರ್ಷಗಳೂ ಕಾರಣವಾಗಿರಬೇಕೆಂದು ನಮ್ಮ ಊಹೆ.

ಇಂಥವರು ನುಡಿಸುತ್ತಿದ್ದ ವಾದ್ಯಕ್ಕೆ ಮಾತ್ರ ಆ ಕಟ್ಟಡದಲ್ಲಿ ಜಾಗವಿರಲಿಲ್ಲ. ಸಂಜೆ ಗೆಳೆಯರ ಬೈಠಕ್ಕುಗಳಲ್ಲಿ, ವಿಶೇಷವಾಗಿ ತಮ್ಮ ಆಪ್ತಮಿತ್ರರಾದ ಡಾ. ವಸಂತರಾವ ದೇಶಪಾಂಡೆಯವರ ಗಾಯನಕ್ಕೆ ಸಾಥ್ ನೀಡುತ್ತ ಅವರು ಪೇಟಿ ನುಡಿಸುತ್ತಿದ್ದರು. ಹಗಲಿನಲ್ಲಿ ಪೇಟಿಯನ್ನು ಹೊರಗಿಟ್ಟ ಸಂಸ್ಥೆಯ ಸೇವೆ. ಅವರಿಗೆ ನೌಕರಿಯೂ ಬೇಕಾಗಿತ್ತು, ಸಂಗೀತವೂ ಬೇಕಾಗಿತ್ತು. ನಮ್ಮ ಕಾಲದವರಿಗೆ ಇದು ಇಬ್ಬಗೆಯೆಂದು ತೋರಬಹುದು. ಒಂದು ಸಂಸ್ಥೆಯ ಎಲ್ಲ ಕಟ್ಟಳೆಗಳನ್ನೂ ಮನಸಾರೆ ಒಪ್ಪಿಯೇ ಅದರಲ್ಲಿ ದುಡಿಯುವವರು ಎಷ್ಟು ಜನ? ಮಠದ ಸಂಸ್ಥೆಗಳಲ್ಲಿ ದುಡಿದ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಓದಿ ಮುಗುಳ್ನಕ್ಕರೆ ನಾವು ತಪ್ಪು ತಿಳಿಯುವುದಿಲ್ಲ.

ಪೇಟಿಯು ಮೀಂಡನ್ನು ನುಡಿಸಲಾರದು ನಿಜ. ಆದರೆ ಅದು ಗಾಯಕನಿಗೆ ಗುರುವಾಗಿ ಬಂದದ್ದಲ್ಲ, ಸಾಥಿಗಾಗಿ ಬಂದದ್ದು. ಗಾಯಕನ ಧ್ವನಿ ಎಲ್ಲಿ ಜಾರುತ್ತದೆಯೋ ಅಲ್ಲಿ ಬಲ್ಲ ಪೇಟಿಗಾರ ಬೆರಳೆತ್ತಿ ಸುಮ್ಮನಿರುತ್ತಾನೆ. ಕಿವಿಯಿದ್ದವನ ಕೈಯಲ್ಲಿ ಅದು ಸೇವಕ, ಕಿವಿಯಿಲ್ಲದವನ ಕೈಯಲ್ಲಿ ಅದು ಒಡೆಯ. ದೋಷವನ್ನು ಬೆರಳಿನಲ್ಲಿ ಹುಡುಕುವುದನ್ನು ಬಿಟ್ಟು ಮರದ ಪೆಟ್ಟಿಗೆಯಲ್ಲಿ ಹುಡುಕಿದರೆಂಬುದೇ ನಮ್ಮ ಆಕ್ಷೇಪ. ಇನ್ನೊಂದು ಮಾತೂ ಇದೆ. ಸಾರಂಗಿಯಂಥ ಕಠಿಣ ವಾದ್ಯವನ್ನು ಕಲಿಯಲು ಹತ್ತಾರು ವರ್ಷ ಬೇಕು, ಗುರುವಿನ ಮನೆ ಬೇಕು. ಪೇಟಿಯನ್ನು ಬಡವರ ಮಕ್ಕಳು, ಅಂಧರು, ಹಳ್ಳಿಯ ಭಜನಾಮೇಳದವರು ಕಲಿಯಬಲ್ಲರು. ಅದನ್ನು ಹೊರಗಿಟ್ಟಾಗ ಯಾರು ಹೊರಗುಳಿದರೆಂಬುದನ್ನು ದೆಹಲಿಯ ಪಂಡಿತರು ಎಣಿಸಲಿಲ್ಲ.

ಆಕಾಶವಾಣಿಯಿಂದ ಪು. ಲ. ಅವರ ಹೆಜ್ಜೆ ದೂರದರ್ಶನದತ್ತ ನಡೆಯಿತು. ಹೊಸ ಮಾಧ್ಯಮದ ತರಬೇತಿಗಾಗಿ ಲಂಡನ್ನಿನ ಬಿ.ಬಿ.ಸಿ.ಗೆ ಹೋಗಿಬಂದರು. ಆ ಪ್ರವಾಸದ ಕಥನವೇ 1960ರಲ್ಲಿ ಬಂದ ‘ಅಪೂರ್ವಾಯೀ’. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಅದರ ಮೊದಲ ನಿರ್ಮಾಪಕರಲ್ಲಿ ಅವರೂ ಒಬ್ಬರು. ಪಂಡಿತ ನೆಹರೂ ಅವರನ್ನು ದೂರದರ್ಶನಕ್ಕಾಗಿ ಮೊದಲು ಸಂದರ್ಶಿಸಿದವರೆಂಬ ಹೆಗ್ಗಳಿಕೆಯೂ ಅವರದಾಯಿತು. ಆದರೆ ಸರಕಾರಿ ಕಡತಗಳ ನಡುವೆ ಅವರು ಬಹಳ ಕಾಲ ನಿಲ್ಲಲಿಲ್ಲ. 1960ರ ದಶಕದ ಮೊದಲಿಗೆ ನೌಕರಿಯನ್ನು ತೊರೆದು ತಮ್ಮದೇ ‘ಬಟಾಟ್ಯಾಚೀ ಚಾಳ’ ಎಂಬ ಪುಸ್ತಕವನ್ನು ಏಕಪಾತ್ರ ಪ್ರದರ್ಶನವಾಗಿ ರಂಗಕ್ಕೆ ತಂದರು. ಮುಂಬಯಿಯ ಕಿಕ್ಕಿರಿದ ವಠಾರವೊಂದರ ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಒಬ್ಬನೇ ಮನುಷ್ಯನ ಗಂಟಲಿನಿಂದ ಹೊರಟು ಬಂದರು. ಬೇಷಭೂಷಣವಿಲ್ಲ, ಪರದೆಗಳಿಲ್ಲ, ಬರಿಯ ದನಿ. 1965ರಲ್ಲಿ ‘ವ್ಯಕ್ತಿ ಆಣಿ ವಲ್ಲೀ’ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1966ರಲ್ಲಿ ಪದ್ಮಶ್ರೀ. ಪ್ರದರ್ಶನಗಳಿಂದ ಹಣವೂ ಹರಿದುಬಂದಿತು. ದಂಪತಿಗಳು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಆ ಹಣದ ಬಹುಭಾಗವನ್ನು ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಿಗೆ ಸದ್ದಿಲ್ಲದೆ ಹಂಚಿದರು. 1986ರಲ್ಲಿ ಪುಣೆಯಲ್ಲಿ ಆರಂಭವಾದ ‘ಮುಕ್ತಾಂಗಣ’ವೆಂಬ ವ್ಯಸನಮುಕ್ತಿ ಕೇಂದ್ರಕ್ಕೂ ಅವರ ನೆರವು ದೊರೆಯಿತು. ಇದನ್ನು ದಾಸೋಹವೆಂದು ಕರೆಯಲು ನಮಗೆ ಸಂಕೋಚವಿಲ್ಲ.

ಕನ್ನಡದ ಗಾಯಕರನ್ನು ಅವರು ಕೇಳಿದ ಬಗೆಯನ್ನು ಕುರಿತು ಒಂದೆರಡು ಮಾತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರಯ್ಯ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಜಂಗಮ ಬಾಲಕನು ಎಳೆಯ ವಯಸ್ಸಿನಲ್ಲಿಯೇ ಮಠಾಧೀಶರಿಂದ ‘ಕುಮಾರ ಗಂಧರ್ವ’ ಎಂಬ ಬಿರುದನ್ನು ಪಡೆದದ್ದು ನಮ್ಮ ಭಕ್ತರಿಗೆ ಗೊತ್ತಿರುವ ಸಂಗತಿ. ಕ್ಷಯರೋಗದಿಂದ ಒಂದು ಶ್ವಾಸಕೋಶದ ಬಲ ಕುಂದಿ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದ ಅವರು ಎದ್ದು ಬಂದಾಗ ಹಾಡಿನ ರೀತಿಯೇ ಬದಲಾಗಿತ್ತು. ಸಣ್ಣ ಸಣ್ಣ ಉಸಿರಿನ ತುಣುಕುಗಳು, ಮಾಳವದ ಜಾನಪದದ ಮಟ್ಟುಗಳು, ಕಬೀರರ ನಿರ್ಗುಣ ಪದಗಳು. ಹಳೆಯ ರಸಿಕರಲ್ಲಿ ಕೆಲವರು ಇದು ಘರಾಣೆಗೆ ಹೊರತಾದುದೆಂದು ಮೂಗು ಮುರಿದರು. ಅಂಥ ದಿನಗಳಲ್ಲಿ ಗೆಳೆಯರಾಗಿ, ರಸಿಕರಾಗಿ ಕುಮಾರರ ಬೆನ್ನಿಗೆ ನಿಂತವರಲ್ಲಿ ಪು. ಲ. ಪ್ರಮುಖರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನೂ ಅವರು ಅಷ್ಟೇ ಗೌರವದಿಂದ ಕಂಡರು. ಮನ್ಸೂರರು ಶರಣರ ವಚನಗಳನ್ನು ಹಾಡುವಾಗ ರಾಗಕ್ಕೂ ವಚನದ ಅರ್ಥಕ್ಕೂ ಜಗಳವಾಗದಂತೆ ನೋಡಿಕೊಳ್ಳುತ್ತಿದ್ದ ಪರಿಯನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಬಾನುಲಿಯಲ್ಲಿಯೇ ಕೇಳಿ ತಿಳಿದೆವು.

ಐವತ್ತರ ವಯಸ್ಸಿನ ಹೊತ್ತಿಗೆ ಪು. ಲ. ಮಾಡಿದ ಇನ್ನೊಂದು ಕೆಲಸ ನಮ್ಮನ್ನು ಬೆರಗುಗೊಳಿಸುತ್ತದೆ. ಕೀರ್ತಿಯ ಶಿಖರದಲ್ಲಿದ್ದಾಗ ಅವರು ಬಂಗಾಲೀ ಭಾಷೆಯನ್ನು ಕಲಿಯಲೆಂದು ಶಾಂತಿನಿಕೇತನಕ್ಕೆ ಹೋಗಿ ವಿದ್ಯಾರ್ಥಿಯಂತೆ ನೆಲೆಸಿದರು. ಅಜ್ಜನ ಅನುವಾದದಲ್ಲಿ ಕೇಳಿದ್ದ ರವೀಂದ್ರರನ್ನು ಅವರ ಮಾತಿನಲ್ಲಿಯೇ ಓದಬೇಕೆಂಬ ಹಂಬಲವದು. ಆ ಅನುಭವದಿಂದ 1974ರಲ್ಲಿ ‘ವಂಗಚಿತ್ರೇ’ ಎಂಬ ಕೃತಿ ಹೊರಬಂದಿತು. ತಮ್ಮ ವಾದ್ಯವನ್ನು ಒಲ್ಲೆನೆಂದ ಮಹಾಕವಿಯ ಅಂಗಳದಲ್ಲಿ ಈ ಪೇಟಿಗಾರರು ಮುನಿಸಿಲ್ಲದೆ ಪಾಠಕ್ಕೆ ಕುಳಿತರು. ಒಬ್ಬರ ಒಂದು ಅಭಿಪ್ರಾಯವನ್ನು ಒಪ್ಪದಿದ್ದರೂ ಅವರನ್ನು ಗುರುವೆಂದು ಒಪ್ಪುವ ಈ ಹೃದಯವೈಶಾಲ್ಯ ನಮ್ಮ ಪಂಡಿತರಲ್ಲಿಯೂ ವಿರಳ.

ಅಷ್ಟರಲ್ಲಿ ಬಾನುಲಿಯೂ ಮರುಯೋಚಿಸತೊಡಗಿತ್ತು. 1970ರಲ್ಲಿ ಆಕಾಶವಾಣಿಯು ಈ ವಿಷಯವಾಗಿ ವಿಚಾರಗೋಷ್ಠಿಯೊಂದನ್ನು ಕರೆಯಿತು. ಶ್ರುತಿಶಾಸ್ತ್ರದ ವಾದಗಳು ಮತ್ತೊಮ್ಮೆ ನಡೆದವು. 1971ರಲ್ಲಿ ಉನ್ನತ ಶ್ರೇಣಿಯ ಗಾಯಕರಿಗೆ ಪೇಟಿಯ ಸಾಥನ್ನು ಪಡೆಯಲು ಅನುಮತಿ ದೊರೆಯಿತು. ಒಂಟಿವಾದನಕ್ಕೆ ಆಗಲೂ ಅವಕಾಶವಿರಲಿಲ್ಲ. ಬಾಗಿಲು ತೆರೆಯಿತು, ಆದರೆ ಅರ್ಧ ಮಾತ್ರ. ಪು. ಲ. ಬಾನುಲಿಯನ್ನು ಬಿಟ್ಟು ಆಗಲೇ ಹತ್ತು ವರ್ಷಗಳಾಗಿದ್ದವು.

1975ರಲ್ಲಿ ತುರ್ತುಪರಿಸ್ಥಿತಿ ಬಂದು ಬರಹಗಾರರ ಬಾಯಿಗೆ ಬೀಗ ಬಿದ್ದಿತು. 1977ರ ಚುನಾವಣೆಯಲ್ಲಿ ಈ ವಿನೋದಕಾರರು ಊರೂರಿಗೆ ಹೋಗಿ ಸಭೆಗಳಲ್ಲಿ ಅದರ ವಿರುದ್ಧ ಮಾತಾಡಿದರು. ಫಲಿತಾಂಶ ಬಂದ ಮೇಲೆ ಯಾವ ಪದವಿಯನ್ನೂ ಬೇಡದೆ ತಮ್ಮ ಬರಹಕ್ಕೆ ಮರಳಿದರು. 1990ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷ ಶ್ರೀಮತಿ ಸುನೀತಾಬಾಯಿಯವರ ಆತ್ಮಕಥನ ‘ಆಹೇ ಮನೋಹರ ತರೀ’ ಪ್ರಕಟವಾಗಿ, ಎಲ್ಲರ ಮೆಚ್ಚಿನ ಲೇಖಕರೊಡನೆ ಸಂಸಾರ ನಡೆಸುವುದರ ಕಷ್ಟವನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಅದನ್ನು ಓದಿ ನೊಂದುಕೊಂಡ ಅಭಿಮಾನಿಗಳಿದ್ದಾರೆ. ನಮಗೆ ಅದು ಪು. ಲ. ಅವರ ಪುಸ್ತಕಗಳ ಜೊತೆಯಲ್ಲಿಯೇ ಇಟ್ಟು ಓದಬೇಕಾದ ಪುಸ್ತಕವೆನಿಸಿದೆ. 2000ದ ಜೂನ್ 12ರಂದು, ತಮ್ಮ ವಿವಾಹದ ದಿನದಂದೇ, ಪು. ಲ. ಪುಣೆಯಲ್ಲಿ ಕಾಲವಶರಾದರು.

ಮುಂಬಯಿಯ ಪ್ರಭಾದೇವಿಯಲ್ಲಿ ಮಹಾರಾಷ್ಟ್ರ ಸರಕಾರದ ಒಂದು ಕಲಾಸಂಕುಲವಿದೆ. ಅಲ್ಲಿಯ ದೊಡ್ಡ ರಂಗಮಂದಿರದ ಹೆಸರು ರವೀಂದ್ರ ನಾಟ್ಯಮಂದಿರ. ಸಂಕುಲಕ್ಕೆ ಇಟ್ಟಿರುವ ಹೆಸರು ಪು. ಲ. ದೇಶಪಾಂಡೆ ಮಹಾರಾಷ್ಟ್ರ ಕಲಾ ಅಕಾಡೆಮಿ. ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದರು. ಮೇಲಂತಸ್ತಿನ ಯಾವುದೋ ಕೋಣೆಯಲ್ಲಿ ಮರುದಿನದ ಕಾರ್ಯಕ್ರಮಕ್ಕೆ ಅಭ್ಯಾಸ ನಡೆದಿತ್ತು. ಯಾರೋ ಒಬ್ಬರು ಪೇಟಿಯ ಮೇಲೆ ಭೀಮಪಲಾಸವನ್ನು ನುಡಿಸುತ್ತಿದ್ದರು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ಕೇಳಿ ಕೆಳಗಿಳಿದೆವು.